ಬಿಳಿಗುಡ್ಡದ ಕಳ್ಳಿ

ಫೆಬ್ರವರಿ 2

ಕಸ್ಟಮ್ಸ್ ಅಧಿಕಾರಿ ಬೆಳಿಗ್ಗೆಯೇ ಫೋನು ಮಾಡಿ, ವಿಮಾನ ನಿಲ್ದಾಣದಲ್ಲಿ ಒಂದಷ್ಟು ಗಿಡ ಹಿಡಿದಿದ್ದೇವೆ, ಬಂದು ಯಾವುದೆಂದು ಹೇಳಿ ಎಂದರು. ಇಂಥ ಕರೆ ಆಗಾಗ ಬರುತ್ತದೆ. ಹೋಗಿ ನೋಡಿದರೆ ಯಾವುದೋ ನರ್ಸರಿಯಲ್ಲಿ ಸಾಕಿದ ಕಳ್ಳಿ, ರಸೀದಿ ಕಳೆದುಕೊಂಡು ಪೆಚ್ಚಾಗಿ ನಿಂತ ಪ್ರಯಾಣಿಕ. ಇವತ್ತೂ ಅಷ್ಟೇ ಅಂದುಕೊಂಡು ಹೊರಟೆ. ಭಾವ ದಾರಿಯುದ್ದಕ್ಕೂ ಅಪಸ್ವರದಲ್ಲಿ ಹಾಡುತ್ತ ನಮ್ಮ ಸಸ್ಯ ಸಂಶೋಧನಾ ಕೇಂದ್ರದ ಜೀಪು ಓಡಿಸಿದರು.

ಗೋದಾಮಿನ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಗಳು. ಒಳಗೆ ಗಂಡಸರ ಕರಿ ಕಾಲುಚೀಲಗಳು, ಸಾಲಾಗಿ ಜೋಡಿಸಿದ್ದು. ಒಂದನ್ನು ಎತ್ತಿ ಅಂಗೈಗೆ ಸುರಿದುಕೊಂಡೆ. ಬೂದಿಗುಂಡು.

ಇನ್ನೊಂದು ಬಿಚ್ಚಿದೆ. ಮತ್ತೊಂದು. ಎಲ್ಲವೂ ಬೂದಿಗುಂಡು. ಬೇರಿಗೆ ಬಿಳಿಗುಡ್ಡದ ಸುಣ್ಣದಂಥ ಮಣ್ಣು ಇನ್ನೂ ಅಂಟಿತ್ತು. ಭೂಮಿಯ ಮೇಲೆ ಆ ಒಂದು ಗುಡ್ಡದ ಒಂದು ಇಳಿಜಾರಿನಲ್ಲಿ ಬಿಟ್ಟರೆ ಈ ಗಿಡ ಬೇರೆಲ್ಲೂ ಇಲ್ಲ. ಹೆಬ್ಬೆರಳ ಗಾತ್ರಕ್ಕೆ ಬರಲು ಹದಿನೈದು ವರ್ಷ ಬೇಕು ಅದಕ್ಕೆ. ನಾನು ಇದರ ಬೆನ್ನು ಹತ್ತಿದಾಗ ಬಟಾಣಿಯಷ್ಟಿದ್ದವು ಈಗ ನೆಲ್ಲಿಕಾಯಿಯಷ್ಟಾಗಿವೆ. ಕೆಲವನ್ನು ಮುಖ ನೋಡಿಯೇ ಗುರುತಿಸಬಲ್ಲೆ. ಗುರುತಿಸಿದೆ ಕೂಡ.

ಅಧಿಕಾರಿ ಒಂದು ಕುರ್ಚಿ ಎಳೆದು ಹಾಕಿ ನೀರು ಕೊಟ್ಟರು. ನಾನು ಕೂರದೆ ಉಳಿದ ಕಾಲುಚೀಲಗಳನ್ನೂ ಬಿಚ್ಚತೊಡಗಿದೆ.

ಯಾರೇ ಆಗಿರಲಿ, ಬಿಡುವುದಿಲ್ಲ.

ಫೆಬ್ರವರಿ 3

ಗುಬ್ಬಿಯನ್ನು ಕರೆದುಕೊಂಡು ಬಿಳಿಗುಡ್ಡಕ್ಕೆ ಹೋದೆ. ಅವಳು ನನ್ನ ಸಂಶೋಧನಾ ವಿದ್ಯಾರ್ಥಿನಿ. ಹಿಡಿಯಷ್ಟು ದೇಹ, ಬಾಯಿ ಮಾತ್ರ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಈ ಗಿಡಕ್ಕೆ ಬೂದಿಗುಂಡು ಎಂದು ಕರೆದವಳೂ ಅವಳೇ. ಇವತ್ತು ಗುಡ್ಡ ಹತ್ತುವಾಗ ಒಂದು ಮಾತಿಲ್ಲ. ಭಾವ ಮಂಡಿನೋವು ಎಂದು ಜೀಪಿನ ಬಳಿಯೇ ಉಳಿದರು.

ಕುರುಚಲು ಪೊದೆಗಳ ನೆರಳಿನಲ್ಲಿ ಅಂಗೈಯಗಲದ ಗುಂಡಿಗಳು. ಪ್ರತಿ ಗುಂಡಿಯ ಪಕ್ಕ ನಾವು ನೆಟ್ಟಿದ್ದ ಗುರುತಿನ ಅಲ್ಯೂಮಿನಿಯಂ ಬಿಲ್ಲೆ ಹಾಗೇ ನಿಂತಿತ್ತು. ಗಿಡ ಹೋಗಿ ಹೆಸರು ಉಳಿದಿತ್ತು. ಇಳಿಜಾರಿನ ಕೆಳಗಿನ ಅರ್ಧ ಪೂರ್ತಿ ಬರಿದು. ಮೇಲಿನ ಅರ್ಧ ಇನ್ನೂ ಇದೆ, ಬಂಡೆ ಕಡಿದಾದದ್ದರಿಂದಲೋ, ಅವರಿಗೆ ಸಮಯ ಸಾಲದೆಯೋ.

"ಮೇಡಂ, ಚಿಕ್ಕವನ್ನ ಬಿಟ್ಟಿದ್ದಾರೆ ನೋಡಿ," ಎಂದು ಗುಬ್ಬಿ ನೆಲಕ್ಕೆ ಮುಖ ತಾಗಿಸಿ ಕೂತಳು. "ದೊಡ್ಡವು ಹೂ ಬಿಡೋವು. ಅವೇ ಹೋದ್ಮೇಲೆ ಬೀಜ ಎಲ್ಲಿಂದ ಬರ್ಬೇಕು?"

ಇಬ್ಬರೂ ಗುಂಡಿಗಳ ನಡುವೆ ಕೂತು ಬಿಸ್ಕತ್ತು ತಿಂದೆವು. ಹಸಿವು ಮಾತ್ರ ಯಾವುದಕ್ಕೂ ಕಾಯುವುದಿಲ್ಲ.

ಫೆಬ್ರವರಿ 5

ತನಿಖೆಗೆಂದು ಅಧಿಕಾರಿ ಕೇಂದ್ರಕ್ಕೇ ಬಂದರು. ಸಿಕ್ಕಿಬಿದ್ದ ಪ್ರಯಾಣಿಕ ಬಾಯಿ ಬಿಡುತ್ತಿಲ್ಲವಂತೆ. "ಆ ಜಾಗ ಯಾರ್ಯಾರಿಗೆ ಗೊತ್ತು?" ಎಂದು ಕೇಳಿದರು. ನಾವು ಪ್ರಕಟಿಸಿದ ಯಾವ ಲೇಖನದಲ್ಲೂ ಜಾಗದ ಸುಳಿವಿಲ್ಲ. ಇಲ್ಲಿ ಗೊತ್ತಿರುವುದು ನನಗೆ, ನಿರ್ದೇಶಕರಿಗೆ, ಗುಬ್ಬಿಗೆ. ಹಾಗೆಂದೆ.

"ಚಾಲಕರಿಗೆ?"

"ಅವರು ನಮ್ಮ ಮನೆಯವರು. ನನ್ನ ಅಕ್ಕನ ಯಜಮಾನರು," ಎಂದೆ. ಅಧಿಕಾರಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಜನವರಿಯಲ್ಲಿ ಗುಡ್ಡಕ್ಕೆ ಒಬ್ಬರೇ ಹೋದವರು ಯಾರಾದರೂ ಇದ್ದಾರೆಯೇ ಎಂದದ್ದಕ್ಕೆ, ಗುಬ್ಬಿ ಮೊಳಕೆ ನೋಡಲು ಹೋಗಿದ್ದಳು ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ಫೆಬ್ರವರಿ 9

ಹಿಡಿದ ಗಿಡಗಳನ್ನು ನಮ್ಮ ಗಾಜಿನಮನೆಗೆ ಕೊಟ್ಟಿದ್ದಾರೆ. ನಾನೂ ಗುಬ್ಬಿಯೂ ಇಡೀ ದಿನ ಕೂತು ಹರಿದ ಬೇರು ಕತ್ತರಿಸಿ, ಗಂಧಕದ ಪುಡಿ ಹಚ್ಚಿ, ಮರಳಿನ ತಟ್ಟೆಗಳಲ್ಲಿ ಇಟ್ಟೆವು. ಒಣಗಿ ಗಾಯ ಮಾಯಬೇಕು, ಆಮೇಲೆ ನೀರು. ಗುಬ್ಬಿ ಒಂದೊಂದನ್ನೂ ಮಾತಾಡಿಸುತ್ತ ಹಚ್ಚುತ್ತಿದ್ದಳು. "ಏನಪ್ಪಾ, ಕಾಲುಚೀಲದ ವಾಸನೆ ಹೇಗಿತ್ತು?" ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ.

ಆಮೇಲೆ ಅವಳೇ ಗಂಭೀರವಾಗಿ ಹೇಳಿದಳು: "ಇವು ಉಳಿಯೋದು ಅನುಮಾನ ಮೇಡಂ. ಬೇರು ಸತ್ತ ಮೇಲೂ ಹೊಟ್ಟೇಲಿರೋ ನೀರು ಕುಡ್ಕೊಂಡು ತಿಂಗಳುಗಟ್ಟಲೆ ಹಸಿರಾಗೇ ಇರ್ತವೆ. ನಾವು ಬದುಕಿದೆ ಅಂತ ಬರ್ಕೋತಿರ್ತೀವಿ."

ಸಂಜೆ ಅಕ್ಕನ ಮನೆಗೆ ಹೋದೆ. ಮೂರು ಸಲ ಕಳೆದುಕೊಂಡ ಮೇಲೆ, ಈ ವಯಸ್ಸಿನಲ್ಲಿ ನಿಂತಿರುವ ಗರ್ಭ. ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ ಡಾಕ್ಟರು. ನನ್ನನ್ನು ನೋಡಿದ್ದೇ "ಬಂದ್ಳು ನೋಡ್ರೀ ಕಳ್ಳಿ" ಎಂದಳು. ನಾನು ಈ ವಿಷಯ ಓದಲು ಹೊರಟ ದಿನದಿಂದ ಮನೆಯಲ್ಲಿ ನನಗೆ ಅದೇ ಹೆಸರು. ಭಾವ ಅವಳ ಕಾಲು ಒತ್ತುತ್ತ ಕೂತಿದ್ದರು. ಒಂದು ಕಾಲು ಮುಗಿದ ಮೇಲೆ "ಇದು ಇವತ್ತಿಂದು, ಅದು ನಾಳೇದು" ಎಂದು ಏಳಲು ಹೋಗಿ ದಿಂಬಿನಲ್ಲಿ ಹೊಡೆಸಿಕೊಂಡರು.

ಫೆಬ್ರವರಿ 14

ಗುಬ್ಬಿಯನ್ನು ನಿರ್ದೇಶಕರು ಕರೆಸಿ, ವಿಚಾರಣೆ ಮುಗಿಯುವವರೆಗೆ ಕೇಂದ್ರಕ್ಕೆ ಬರಕೂಡದು ಎಂದರಂತೆ. ನನ್ನ ಕೋಣೆಗೆ ಓಡಿ ಬಂದಳು.

"ಮೇಡಂ, ನಾನು ಮೊಳಕೆ ನೋಡೋಕೆ ಹೋಗಿದ್ದು. ನೀವೇ ಕಳ್ಸಿದ್ದು!"

ಹೌದು, ನಾನೇ ಕಳಿಸಿದ್ದು. ಅದನ್ನೂ ಹೇಳಿದ್ದೇನೆ ಎಂದೆ. ತನಿಖೆ ಅಂದರೆ ಹಾಗೇ ಇರುತ್ತದೆ, ತಪ್ಪಿಲ್ಲದವರು ಹೆದರಬಾರದು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ನಾನು ಇನ್ನೇನೋ ಹೇಳಲಿದ್ದೇನೆ ಎಂಬಂತೆ.

ಅವಳು ಅಂಥವಳಲ್ಲ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಹಿಂದಿನ ವರ್ಷ ಅವಳ ತಂಗಿಯ ಕಾಲೇಜಿನ ಶುಲ್ಕದ ತಾಪತ್ರಯ ಇತ್ತು. ಮನುಷ್ಯರ ಒಳಗೆ ಹೊಕ್ಕು ನೋಡಿದವರು ಯಾರು?

ಫೆಬ್ರವರಿ 20

ಗುಬ್ಬಿಯ ಕೋಣೆಯ ಬಾಗಿಲ ಮೇಲೆ ಯಾರೋ ದಪ್ಪ ಅಕ್ಷರದಲ್ಲಿ "ಕಳ್ಳಿ" ಎಂದು ಬರೆದಿದ್ದರು. ನಾನು ಮೊದಲು, ಗಿಡದ ಹೆಸರು, ಪ್ರಯೋಗದ ಸಾಮಾನೇನೋ ಇಟ್ಟಿರಬೇಕು ಎಂದುಕೊಂಡು ಮುಂದೆ ಹೋದೆ. ಹತ್ತು ಹೆಜ್ಜೆ ಹೋದ ಮೇಲೆ ಅರ್ಥವಾಯಿತು. ಹಿಂದಿರುಗಿ ಸ್ಪಿರಿಟ್ ಹಾಕಿ ಒರೆಸಿದೆ. ಅಕ್ಷರ ಹೋಯಿತು, ಕಲೆ ಉಳಿಯಿತು.

ಮಾರ್ಚ್ 6

ಇದನ್ನು ಬರೆಯಬೇಕೋ ಬೇಡವೋ.

ಸಂಜೆ ಅಕ್ಕ, "ಇವ್ರ ಕೈ ನೋಡೇ, ನಿನ್ನೆಯಿಂದ ಉರಿ ಉರಿ ಅಂತಿದ್ದಾರೆ, ಕನ್ನಡಕ ಹಾಕಿದ್ರೂ ನಂಗೆ ಮುಳ್ಳು ಕಾಣಲ್ಲ," ಎಂದಳು. ಭಾವ, ಬೇಡ ಬೇಡ, ಗಾಜಿನಮನೆ ಗುಡಿಸುವಾಗ ಆದದ್ದು, ತಾನಾಗೇ ಹೋಗುತ್ತದೆ ಎಂದು ಕೈ ಹಿಂದೆ ಎಳೆದುಕೊಂಡರು. ಅಕ್ಕ ಬಿಡಲಿಲ್ಲ. ನಾನು ಚೀಲದಿಂದ ಭೂತಗನ್ನಡಿ, ಚಿಮಟ ತೆಗೆದೆ.

ಬಲಗೈ ಹೆಬ್ಬೆರಳ ಬುಡದಲ್ಲಿ ಹತ್ತಾರು ಮುಳ್ಳು. ಒಂದನ್ನು ಕಿತ್ತು ಬಿಳಿ ಕಾಗದದ ಮೇಲಿಟ್ಟೆ. ಕೂದಲಿಗಿಂತ ತೆಳು, ಬೂದಿ ಬಣ್ಣ, ತುದಿಯಲ್ಲಿ ಹಕ್ಕಿಯ ಪುಕ್ಕದಂತೆ ಕವಲು. ಜಗತ್ತಿನ ಒಂದೇ ಗಿಡಕ್ಕೆ ಇರುವ ಮುಳ್ಳು. ಅದನ್ನು ವರ್ಣಿಸಿ ಮೊದಲು ಪ್ರಕಟಿಸಿದವಳು ನಾನು.

ಗಾಜಿನಮನೆಯಲ್ಲಿರುವವು ತಿಂಗಳಿನಿಂದ ಬೀಗದೊಳಗಿವೆ. ಬೀಗದ ಕೈ ನನ್ನ ಸೆರಗಿನಲ್ಲಿದೆ.

ನಾನು ತಲೆಯೆತ್ತಲಿಲ್ಲ. ಒಂದೊಂದೇ ಮುಳ್ಳು ಕಿತ್ತೆ. ಅಕ್ಕ ಮಾತ್ರ, "ಮೆಲ್ಲಗೆ ಕಣೇ, ಅವ್ರು ಗಿಡ ಅಲ್ಲ," ಎಂದು ನಗುತ್ತಿದ್ದಳು.

ಮಾರ್ಚ್ 7

ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದೆ.

ಮಾರ್ಚ್ 8

ಪೇಟೆಯಿಂದ ವಾಪಸು ಬರುವಾಗ, ಸುತ್ತ ಯಾರೂ ಇಲ್ಲದ ಕಡೆ, ಜೀಪು ನಿಲ್ಲಿಸಿ ಎಂದೆ. ಭಾವ ನಿಲ್ಲಿಸಿದರು.

"ಎಷ್ಟು ಸಲ?" ಎಂದೆ.

"ಎರಡು. ಮೊದ್ಲಿಂದು ಸಿಕ್ಕಿಬಿತ್ತು. ಎರಡ್ನೇದು ಹೋಯ್ತು."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಕೊಡಿಸಿದ ಕೆಲಸ, ನಾನು ತೋರಿಸಿದ ಗುಡ್ಡ, ಮುಖಕ್ಕೆ ಮಸಿ ಬಳಿದಿರಿ ಎಂದೆ. ಭಾವ ಸ್ಟೀರಿಂಗ್ ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡರು.

"ನೀನೇ ಹೇಳಿದ್ದಲ್ವಾ ನಾದಿನಿ, ಬಿಸ್ಲು ಹಿಂಗೇ ಏರಿದ್ರೆ ನಮ್ಮ ಕಾಲಕ್ಕೇ ಒಂದೂ ಉಳಿಯಲ್ಲ ಅಂತ? ಜೀಪಲ್ಲಿ ಕೂತ್ಕೊಂಡು ದಿನಾ ಅದ್ನೇ ಹೇಳ್ತಿದ್ದೆ. ಅಲ್ಲಿ ಒಣಗಿ ಸಾಯೋದ್ರ ಬದ್ಲು ಯಾರ ಮನೆ ಕಿಟಕೀಲಾದ್ರೂ ಇರ್ಲಿ ಅಂತ ಅನ್ನಿಸ್ತು. ಆಸ್ಪತ್ರೆ ಖರ್ಚೂ ಇತ್ತು, ಇಲ್ಲ ಅನ್ನಲ್ಲ. ಅವ್ಳಿಗೆ ಗೊತ್ತಿಲ್ಲ."

"ಒಂದು ಹುಡುಗಿ ಹೆಸರು ಹಾಳಾಯ್ತಲ್ಲ ಭಾವ!"

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ಅವಳ ಹೆಸ್ರು ನಾನ್ ಹೇಳಿದ್ನಾ?"

ಅಷ್ಟು ಹೇಳಿ ಜೀಪು ಹೊರಡಿಸಿದರು.

ನಾಳೆ ನಿರ್ದೇಶಕರಿಗೆ ಎಲ್ಲ ಹೇಳಿಬಿಡುತ್ತೇನೆ. ಅಕ್ಕನಿಗೆ ನಾನೇ ತಿಳಿಸುತ್ತೇನೆ, ಬೇರೆಯವರ ಬಾಯಿಂದ ಕೇಳುವುದು ಬೇಡ.

ಮಾರ್ಚ್ 9

ಅಕ್ಕನಿಗೆ ಬೆಳಗಿನ ಜಾವ ರಕ್ತ ಕಂಡಿತು. ಆಸ್ಪತ್ರೆ.

ಮಾರ್ಚ್ 12

ಈಗ ಪರವಾಗಿಲ್ಲ. ಕೂಸಿನ ಎದೆಬಡಿತ ನನಗೂ ಕೇಳಿಸಿದರು, ಓಡುವ ಕುದುರೆಯ ಹಾಗೆ. ಗಾಬರಿ, ದುಃಖ ಯಾವುದೂ ತಟ್ಟಕೂಡದು ಎಂದು ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು. ಭಾವ ಮೂರು ದಿನದಿಂದ ಬೆಂಚಿನ ಮೇಲೇ ಕೂತಿದ್ದಾರೆ, ಗಡ್ಡ ಬೆಳೆದಿದೆ. ಕಾಫಿ ತಂದುಕೊಟ್ಟೆ. ತೆಗೆದುಕೊಂಡರು.

ನಿರ್ದೇಶಕರಿಗೆ ಹೇಳುವುದು ಮುಂದಿನ ವಾರ.

ಮಾರ್ಚ್ 19

ಮಧ್ಯಾಹ್ನ ಅಕ್ಕನ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ, "ಇವ್ರು ಏನಾದ್ರೂ ಮಾಡ್ಕೊಂಡಿದ್ದಾರೇನೇ?" ಎಂದಳು.

"ಇಲ್ಲವಲ್ಲ."

"ಸರಿ. ಇದ್ರೂ ಇಲ್ಲ ಅನ್ನು."

ನಾನು ಸಿಕ್ಕು ಬಿಡಿಸುತ್ತ ಹೋದೆ. ಅವಳು ಕನ್ನಡಿಯನ್ನು ಮಗುಚಿ ಹಾಸಿಗೆಯ ಮೇಲಿಟ್ಟಳು. ಅಮ್ಮ ಹೋದಾಗ ನನಗೆ ಎಂಟು ವರ್ಷ. ಅವತ್ತಿನಿಂದ ನನಗೆ ಜಡೆ ಹಾಕಿದವಳು ಇವಳು.

ಮಾರ್ಚ್ 27

ವಿಚಾರಣೆ. ನಿರ್ದೇಶಕರು, ಹೊರಗಿನಿಂದ ಬಂದ ಇಬ್ಬರು ಪ್ರಾಧ್ಯಾಪಕರು, ನಾನು. ಕೋಣೆಯ ಫ್ಯಾನು ಕೆಟ್ಟಿತ್ತು. ಆ ಹುಡುಗಿಯನ್ನು ಹೊರಗೆ ಕೂರಿಸಿದ್ದರು.

"ನೀವು ಅವಳ ಮಾರ್ಗದರ್ಶಿ. ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದರು.

"ಅವಳ ವಿರುದ್ಧ ಹೇಳೋದಕ್ಕೆ ನನ್ನ ಹತ್ತಿರ ಏನೂ ಇಲ್ಲ," ಎಂದೆ. ಸ್ವಲ್ಪ ತಡೆದು, "ಪರವಾಗಿ ಹೇಳೋದಕ್ಕೂ ಏನೂ ಇಲ್ಲ," ಎಂದೆ.

ನಿರ್ದೇಶಕರು ಮೆಚ್ಚಿದಂತೆ ಕಂಡರು. ನಿಷ್ಪಕ್ಷಪಾತ ಅಂದರೆ ಹೀಗಿರಬೇಕು ಎಂದರು. ಎರಡನೆಯ ಮಾತು ಪೂರ್ತಿ ಸರಿಯಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಅವರು ಕೇಳಿದ್ದು ಅಭಿಪ್ರಾಯ. ಮುಳ್ಳಿನ ವಿಷಯ ಯಾರೂ ಕೇಳಲಿಲ್ಲ.

ಅವಳನ್ನು ಪೊಲೀಸರಿಗೆ ಕೊಡುವುದಿಲ್ಲವಂತೆ, ಸಾಕ್ಷ್ಯ ಸಾಲದು. ಸಂಶೋಧನೆಯಿಂದ ಮಾತ್ರ ಕೈಬಿಡುತ್ತಾರೆ. ಜೈಲಿಗಿಂತ ವಾಸಿ. ಚಿಕ್ಕ ವಯಸ್ಸು, ಬೇರೆ ದಾರಿ ಹಿಡಿಯಬಹುದು.

ಏಪ್ರಿಲ್ 4

ಬಿಸಿಲು. ಗಾಜಿನಮನೆಯ ಪರದೆ ಬದಲಿಸಿದ್ದಾಯಿತು.

ಏಪ್ರಿಲ್ 10

ವಿದ್ಯಾರ್ಥಿನಿ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಒಂದು ಹೆಗಲುಚೀಲ, ಎರಡು ಪೆಟ್ಟಿಗೆ ಪುಸ್ತಕ. ಕೆಳಗೆ ರಿಕ್ಷಾ ಕಾಯುತ್ತಿತ್ತು. ಕೂದಲು ಕತ್ತರಿಸಿಕೊಂಡಿದ್ದಾಳೆ, ಇನ್ನೂ ಚಿಕ್ಕವಳಾಗಿ ಕಾಣುತ್ತಾಳೆ.

"ಒಂದೇ ಒಂದು ಕೇಳ್ಬೇಕಿತ್ತು," ಎಂದಳು. "ನಾನೇ ತೆಗ್ದಿದ್ದು ಅಂತ ನೀವು ನಂಬ್ತೀರಾ?"

"ನಾನು ನಂಬೋದು ಬಿಡೋದರಿಂದ ಏನಾಗಬೇಕು?"

"ಆಗೋದೇನೂ ಇಲ್ಲ. ನನಗೆ ಬೇಕು, ಅಷ್ಟೆ."

ಮೇಜಿನ ಮೇಲಿನ ಪೆನ್ನು ಸರಿಸಿ ನೇರವಾಗಿ ಇಟ್ಟೆ. ರಿಕ್ಷಾದವನು ಹಾರ್ನ್ ಹೊಡೆದ. ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದರೆ ಹಾಗಾದರೆ ಯಾರು ಎನ್ನುತ್ತಾಳೆ, ಅವಳು ಸುಮ್ಮನೆ ಬಿಡುವ ಪೈಕಿಯವಳಲ್ಲ. ಬಿಸಿಲು ಏರುವ ಮೊದಲು ಹೊರಡು ಎಂದೆ.

ಅವಳು ಗಾಜಿನಮನೆಯ ಕಡೆ ಕೈ ತೋರಿಸಿ, "ಎಡಗಡೆ ಮೂರನೇ ತಟ್ಟೆಯವು ಮೆತ್ತಗಾಗ್ತಿರಬಹುದು, ಬುಡ ಒತ್ತಿ ನೋಡಿ," ಎಂದಳು. ಅಷ್ಟು ಹೇಳಿ ಪೆಟ್ಟಿಗೆ ಎತ್ತಿಕೊಂಡಳು. ಬಾಗಿಲು ಹಿಡಿದುಕೊಂಡೆ.

ಏಪ್ರಿಲ್ 11

ಮೂರನೇ ತಟ್ಟೆಯವು ಮೆತ್ತಗಾಗಿವೆ. ಉಳಿದ ತಟ್ಟೆಗಳವೂ. ಮೇಲೆಲ್ಲ ಹಸಿರು. ಬುಡಕ್ಕೆ ಹೆಬ್ಬೆರಳು ಒತ್ತಿದರೆ ಕಂದು ನೀರು ಬರುತ್ತದೆ. ಚೆನ್ನಾಗಿದ್ದ ಕೆಲವನ್ನು ಬೇರೆ ಮಾಡಿ, ಮಿಕ್ಕದ್ದನ್ನು ಭಾವನ ಕೈಲಿ ಗೋಣಿಚೀಲಕ್ಕೆ ತುಂಬಿಸಿ ಸುಡಿಸಿದೆ. ಹಸಿ ಇದ್ದದ್ದರಿಂದ ಬೇಗ ಹೊತ್ತಿಕೊಳ್ಳಲಿಲ್ಲ, ಸೀಮೆಎಣ್ಣೆ ಬೇಕಾಯಿತು. ವರದಿಗೆ "ಶೇಕಡಾ ಹನ್ನೆರಡು ಉಳಿದಿವೆ" ಎಂದು ಬರೆದೆ. ಈ ಜಾತಿಗೆ ಇದು ಕಡಿಮೆಯೇನಲ್ಲ.

ಏಪ್ರಿಲ್ 29

ಹೆಣ್ಣು ಮಗು! ಅಕ್ಕ ಚೆನ್ನಾಗಿದ್ದಾಳೆ. ಮಗು ಬಹಳ ಸಣ್ಣದು, ಆದರೆ ಅಳು ಕೇಳಿದರೆ ಆಸ್ಪತ್ರೆಯ ಗೋಡೆ ಬಿರಿಯಬೇಕು. ನನ್ನ ಕಿರುಬೆರಳು ಹಿಡಿದುಕೊಂಡಿತು, ಬಿಡಿಸಿಕೊಳ್ಳಲು ಆಗಲೇ ಇಲ್ಲ. ಭಾವ ಗೋಡೆಗೆ ಮುಖ ಮಾಡಿ ಅತ್ತರು. ಆಮೇಲೆ ಎತ್ತಿಕೊಳ್ಳಲು ಹೆದರಿ ಕೈಯನ್ನು ನಾಲ್ಕು ಸಲ ತೊಳೆದು ಬಂದರು. "ಅತ್ತುಕೊಂಡು ಎತ್ತಿಕೊಂಡ್ರೆ ಅದೂ ಅಳುಮುಂಜಿ ಆಗುತ್ತೆ, ಒರೆಸ್ಕೊಳ್ರೀ," ಎಂದಳು ಅಕ್ಕ.

ಮಾಡಿದ್ದು ಸರಿಯಾಯಿತು. ಇಲ್ಲದಿದ್ದರೆ ಈ ಮಗು ಎಲ್ಲಿರುತ್ತಿತ್ತು? ಇವತ್ತು ಇನ್ನೇನೂ ಬರೆಯುವುದಿಲ್ಲ.

ಮೇ 16

ಬಿಳಿಗುಡ್ಡದ ಸುತ್ತ ಸರ್ಕಾರ ಕೊನೆಗೂ ತಂತಿ ಬೇಲಿ ಹಾಕಿಸಿದೆ, ಕಬ್ಬಿಣದ ಬಾಗಿಲು, ಬೀಗ ಎಲ್ಲ. ಆದರೆ ಕಾವಲಿಗೆ ಜನ ಕೊಡುವುದಿಲ್ಲವಂತೆ. ತಂತಿ ಕತ್ತರಿಸಲು ಎಷ್ಟು ಹೊತ್ತು? ಮೇಲಿನ ಅರ್ಧದಲ್ಲಿ ಉಳಿದಿರುವ ಗಿಡಗಳನ್ನೆಲ್ಲ ಗಾಜಿನಮನೆಗೆ ತಂದುಬಿಡುವುದೇ ಕ್ಷೇಮ ಎಂದು ನಾನೇ ಬರೆದುಕೊಟ್ಟೆ. ನಿರ್ದೇಶಕರು ಒಂದೇ ದಿನದಲ್ಲಿ ಒಪ್ಪಿಗೆ ಕೊಟ್ಟರು. ಪತ್ರಿಕೆಯವರಿಗೆ ಹೇಳಲೂ ಒಳ್ಳೆಯ ಸುದ್ದಿ.

ಮೊದಲಾಗಿದ್ದರೆ ನಾನು ಇದಕ್ಕೆ ಅಡ್ಡ ಬರುತ್ತಿದ್ದೆ. ಪೊದೆಯ ನೆರಳು, ಆ ಮಣ್ಣು, ಬೀಜ ಹೊರುವ ಇರುವೆ, ಇವೆಲ್ಲ ಬಿಟ್ಟು ಇದು ಬದುಕುವುದಿಲ್ಲ ಎಂದು ಎಷ್ಟು ಪುಟ ಬರೆದಿಲ್ಲ! ಆದರೆ ಪುಸ್ತಕದ ಮಾತು ಬೇರೆ. ಪರಿಸ್ಥಿತಿ ನೋಡಬೇಕಲ್ಲ.

ಮೇ 21

ಬೆಳಿಗ್ಗೆಯೇ ನಾನೂ ಭಾವನೂ ಗುಡ್ಡ ಹತ್ತಿದೆವು. ಮಂಡಿನೋವಿನ ಮಾತೇ ಎತ್ತಲಿಲ್ಲ ಅವರು. ಹೊಸ ವಿದ್ಯಾರ್ಥಿ ಇನ್ನೂ ಸೇರಿಲ್ಲ, ಸೇರಿದ್ದರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಗೊತ್ತಿರುವವರು ಕಡಿಮೆ ಇದ್ದಷ್ಟೂ ಒಳ್ಳೆಯದು.

ನಾನು ಮೊದಲನೆಯದಕ್ಕೇ ಸಲಾಕೆ ಹಾಕಿ ಬೇರು ಕಡಿದುಬಿಟ್ಟೆ. ಭಾವ, "ಕಬ್ಬಿಣ ಮುಟ್ಟಿಸ್ಬಾರ್ದು," ಎಂದು ಜೇಬಿನಿಂದ ಚೂಪು ಮಾಡಿದ ಮರದ ಕಡ್ಡಿ ತೆಗೆದರು. ಸುತ್ತ ಮಣ್ಣು ಸಡಿಲಿಸಿದರು, ಕಾದರು, ಇನ್ನಷ್ಟು ಸಡಿಲಿಸಿದರು. ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ತಿರುಗಿಸಿದರು. ಗಿಡ ಉದ್ದ ಬೇರಿನ ಸಮೇತ, ನೀರಿನಿಂದ ಮೀನು ಬಂದ ಹಾಗೆ ಬಂತು.

"ಅವಸರ ಮಾಡ್ಬಾರ್ದು ನಾದಿನಿ. ತಾನಾಗೇ ಕೈಗೆ ಬರುತ್ತೆ."

ಇಷ್ಟು ಹಗುರ ಕೈ ನಮ್ಮ ಯಾವ ವಿದ್ಯಾರ್ಥಿಗೂ ಇರಲಿಲ್ಲ. ಒಂದೆರಡು ಗಂಟೆಯಲ್ಲಿ ನನಗೂ ರೂಢಿಯಾಯಿತು. ಅವರು ಕೀಳುವುದು, ನಾನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಇಡುವುದು. ಮಗುವಿನ ವಿಷಯ ಮಾತಾಡಿದೆವು. ಕಿವಿ ಅಕ್ಕನದು, ಹಟವೂ ಅಕ್ಕನದೇ, ನಿದ್ದೆ ಮಾತ್ರ ಯಾರದೂ ಅಲ್ಲ ಎಂದು ಭಾವ ನಗಿಸಿದರು. ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡೆವು. ಬಟಾಣಿಯಷ್ಟಿದ್ದ ಮರಿಗಳನ್ನೂ ಬಿಡಲಿಲ್ಲ, ಪೊದೆಗಳ ಬುಡವನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿ ತೆಗೆದೆವು.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಬಿಲ್ಲೆಗಳನ್ನೂ ಕಿತ್ತು ತಂದೆ. ಸುಮ್ಮನೆ ಯಾಕೆ ಬಿಡುವುದು?

ಭಾವ ಪೆಟ್ಟಿಗೆಗಳನ್ನು ಜೀಪಿಗೆ ಏರಿಸುತ್ತಿದ್ದರು. ನಾನು ಹಿಂದೆ ಉಳಿದು ಬೇಲಿಯ ಬಾಗಿಲು ಎಳೆದು ಬೀಗ ಹಾಕಿದೆ. ಎರಡು ಸಲ ಜಗ್ಗಿ ನೋಡಿದೆ. ಭದ್ರವಾಗಿದೆ.